ಅರದ ಗೆರೆಗಳು

ಪರೀಕ್ಷಕರು ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ಒಂಬತ್ತೂವರೆಗೇ ಅವನು ಮೂರನೆಯ ಸಲ ಕೈ ತೊಳೆಯುತ್ತಿದ್ದ. ನಲ್ಲಿಯ ನೀರು ತಣ್ಣಗಿತ್ತು. ಸೋಪು ಸವೆದು ಸವೆದು ಬೆರಳಿಗೆ ಸಿಗದಷ್ಟು ತೆಳ್ಳಗಾಗಿತ್ತು. ಬಲಗೈ ಎಡಗೈಯನ್ನು ತೊಳೆಯುತ್ತಿದೆಯೋ, ಎಡಗೈ ಬಲಗೈಯನ್ನೋ ಎಂದು ಒಂದು ಗಳಿಗೆ ನೋಡುತ್ತ ನಿಂತ. ಎಡಗೈ ಒರಟು, ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿತ್ತು. ಬಲಗೈ ಅದಕ್ಕಿಂತ ನಾಜೂಕು. ಅದು ಗಿರಾಕಿಗಳು ನೋಡುವ ಕೈ. ಬೆನ್ನ ಹಿಂದೆ, ಶೆಡ್ಡಿನ ನಡುವೆ, ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಕಾರು ನಿಂತಿತ್ತು. ಜಪಾನಿನ ಹಳೆಯ ಎರಡು ಬಾಗಿಲ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಹಿಂದಕ್ಕೆ ಸರಿದು ಕೂತ ಪುಟ್ಟ ತಲೆ, ಕೆನೆಯ ಬಣ್ಣ. ಹಿಂಬದಿಯ ಎರಡು ಪಕ್ಕದ ಗಾಜುಗಳನ್ನೂ ಅವುಗಳ ರಬ್ಬರನ್ನೂ ನಿನ್ನೆಯೇ ಅವನು ಬಿಚ್ಚಿಟ್ಟಿದ್ದ, ಪರೀಕ್ಷಕರು ಹಾಗೆ ಹೇಳಿದ್ದರು. ಗಾಜಿಲ್ಲದ ಆ ಎರಡು ತೂತುಗಳಿಂದ ಕಾರು ನಿದ್ದೆಗೆಟ್ಟವರಂತೆ ನೋಡುತ್ತಿತ್ತು. ಇವತ್ತು ಆ ಮನುಷ್ಯ ಕಾಗದದ ಮೇಲೆ ಎಲ್ಲ ತಗಡೂ ಅಸಲು ಎಂದು ಬರೆದರೆ ಕಾರು ಮ್ಯೂಸಿಯಂ ಸೇರುತ್ತದೆ. ಒಂದು ತಗಡು ನಕಲಾದರೂ ಆ ಮ್ಯೂಸಿಯಂ ಕಾರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲ ಹಿಂದಿನಿಂದ ಬಾಲದ ದೀಪದವರೆಗಿನ ಎಡ ಪಕ್ಕೆಯನ್ನು ಇಪ್ಪತ್ತಾರು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಮಾಡಿದವನು ಅವನು. ಅದು ಕಾರಿನ ಒಡತಿಗೆ ಗೊತ್ತಿಲ್ಲ. ಸಿಕ್ಕಿಬೀಳುತ್ತೇನೆಂದು ಅವನಿಗೆ ಭಯವಾಗಿದ್ದರೆ ಚೆನ್ನಾಗಿರುತ್ತಿತ್ತು. ಸಿಕ್ಕಿಬೀಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಕೈಯನ್ನು ಮತ್ತೆ ಮತ್ತೆ ನಲ್ಲಿಗೆ ಒಡ್ಡಿಸುತ್ತಿದ್ದದ್ದು ಅದೇ.

"ಎಷ್ಟು ಸಲ ತೊಳೀತೀರಿ? ಆಪರೇಷನ್ ಏನಾದ್ರೂ ಇದೆಯಾ?" ಹೆಂಡತಿ ಎರಡು ಲೋಟ ಚಹಾ ಹಿಡಿದು ಹೊಲಿಗೆಯ ಕೋಣೆಯಿಂದ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

"ಗ್ರೀಸು."

"ಗ್ರೀಸು ಮುಟ್ಟಿ ಎರಡು ದಿನ ಆಯ್ತು. ನಿಮ್ಮ ಕೈಗಿಂತ ಈ ಲೋಟಾನೇ ಕೊಳಕಾಗಿದೆ, ತಗೊಳ್ಳಿ."

ಅವಳು ಬೇರೇನೂ ಕೇಳಲಿಲ್ಲ. ಕೇಳದಿರುವುದರಲ್ಲಿ ಅವಳ ಕೈ ಪಳಗಿತ್ತು. ಈ ಶೆಡ್ಡಿಗೆ ಬರುವ ಕಾರುಗಳ ಸೀಟು, ಒಳಗಿನ ಬಟ್ಟೆ, ಚಾವಣಿಯ ಹೊದಿಕೆ ಎಲ್ಲ ಅವಳ ಹೊಲಿಗೆ. ತಗಡೆಲ್ಲ ಅವನದು. ಶೆಡ್ಡು ಅವಳ ಅಪ್ಪನದು, ಈಗಲೂ, ಅವರು ಹೋಗಿ ಒಂಬತ್ತು ವರ್ಷವಾದರೂ. ಬಾಗಿಲ ಮೇಲಿನ ಫೋಟೋದಲ್ಲಿ ಅವರು ಯಾರದೋ ಕಾರಿನ ಬಾಗಿಲು ಸರಿಯಾಗಿ ಕೂತಿಲ್ಲವೆಂಬಂತೆ ಹುಬ್ಬು ಗಂಟಿಕ್ಕಿಕೊಂಡಿದ್ದರು. ಊರಿಗೆಲ್ಲ ಅವರು ದೊಡ್ಡ ಮೇಸ್ತ್ರಿ. ಅವನಿಗೆ ಮೊದಲು ಗುರು, ಆಮೇಲೆ ಮಾವ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡ ಹೆಂಡತಿ ಎಡ ಪಕ್ಕೆಯ ಮಾತು ಒಮ್ಮೆಯೂ ಆಡಿರಲಿಲ್ಲ. ಅವಳಿಗೆ ಎಷ್ಟು ಗೊತ್ತಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಒಂದೇ ದಿಂಬಿನ ಮೇಲೆ ಮಲಗಿಯೂ ಹೀಗಿರಬಹುದೇ ಎಂದು ಒಮ್ಮೊಮ್ಮೆ ಅವನಿಗೇ ನಗು ಬರುತ್ತಿತ್ತು.

ಆಗ ಅವನಿಗೆ ಇಪ್ಪತ್ತಮೂರು. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಲಾರಿಯೊಂದು ಎಡಗಡೆ ಉಜ್ಜಿಕೊಂಡು ಹೋಗಿ, ಹಿಂದಿನ ಪಕ್ಕೆ ಕಾಗದದ ಹಾಗೆ ಮುದುಡಿಹೋಗಿತ್ತು. ಹೊಸ ತಗಡು ಕಾರ್ಖಾನೆಯಿಂದ ಬರುವ ಕಾಲ ಎಂದೋ ಮುಗಿದಿತ್ತು. ಮಾವ ಮುದುಡಿದ್ದನ್ನು ನೋಡಿದರು, ಬಲಗಡೆಯ ನೆಟ್ಟಗಿದ್ದ ಪಕ್ಕೆಯನ್ನು ನೋಡಿದರು, ಅವನನ್ನು ನೋಡಿದರು. "ಲೋ ಎಡಚ, ಆ ಕಡೆ ನೋಡಿ ಈ ಕಡೆ ಮಾಡು" ಎಂದರು. ಅಷ್ಟೇ ಪಾಠ. ನಾಲ್ಕು ತಿಂಗಳು. ಬಲ ಪಕ್ಕೆಯ ಮೇಲೆ ಕಾಗದ ಹಾಸಿ ಬೆರಳಿಂದ ಒತ್ತಿ ಒತ್ತಿ ಗುರುತು ತೆಗೆದು, ಕಾಗದ ಮಗುಚಿ, ಆ ಮಗುಚಿದ ಗುರುತಿಗೆ ಮರದ ಅಚ್ಚು ಕೆತ್ತಿ, ಅದೇ ವಯಸ್ಸಿನ ಇನ್ನೊಂದು ಗುಜರಿ ಕಾರಿನ ಚಾವಣಿಯಿಂದ ತಗಡು ಕತ್ತರಿಸಿ, ಮರಳಿನ ಚೀಲದ ಮೇಲಿಟ್ಟು ಬಡಿದ. ಹೊಸ ತಗಡು ಬೇಡ ಎಂದದ್ದು ಅವನೇ. ಹೊಸ ತಗಡಿನ ಸದ್ದೇ ಬೇರೆ, ಬೆರಳಿಂದ ತಟ್ಟಿದರೆ ಬಾಯಿಬಡುಕನಂತೆ ಕೂಗುತ್ತದೆ. ಬಲಗಡೆ ವೆಲ್ಡಿಂಗಿನ ಚುಕ್ಕಿಗಳು ಎಲ್ಲೆಲ್ಲಿದ್ದವೋ ಎಡಗಡೆಯೂ ಅಲ್ಲಲ್ಲೇ ಇಟ್ಟ. ಒಂದು ಕಡೆ ಕಾರ್ಖಾನೆಯವನು ಕೈತಪ್ಪಿ ಎರಡು ಚುಕ್ಕಿ ಒಟ್ಟಿಗೆ ಹೊಡೆದಿದ್ದ, ಅದನ್ನೂ ಬಿಡಲಿಲ್ಲ. ಪಕ್ಕೆ ಚಾವಣಿಯನ್ನು ಸೇರುವ ಕಡೆ ಸಂದಿಗೆ ಸೀಸ ತುಂಬಿ ಅರದಿಂದ ಉಜ್ಜಬೇಕು. ಹೊರಗೆ ಕಾಣುವಲ್ಲಿ ನುಣುಪು ಮಾಡುತ್ತಾರೆ. ಗಾಜಿನ ರಬ್ಬರಿನ ಅಡಿಗೆ ಹೋಗುವಲ್ಲಿ, ಯಾರು ನೋಡುತ್ತಾರೆ ಎಂದು, ಅರದ ಗೆರೆಗಳನ್ನು ಹಾಗೇ ಬಿಟ್ಟು ತೆಳ್ಳಗೆ ಒಂದು ಕೈ ಬಣ್ಣ ಎಳೆದಿರುತ್ತಾರೆ. ಕಾರ್ಖಾನೆಯ ಆ ಅಸಡ್ಡೆಯನ್ನೂ ಅವನು ಬಿಡದೆ ನಕಲು ಮಾಡಿದ್ದ. ಬಲಗಡೆ ಗೆರೆಗಳು ಕಾರಿನ ಮೂತಿಯ ಕಡೆಗೆ ವಾಲಿದ್ದವು. ಎಡಗಡೆಯೂ ಮೂತಿಯ ಕಡೆಗೇ ವಾಲಿಸಿದ. ಕನ್ನಡಿಯಲ್ಲಿ ಹಿಡಿದ ಹಾಗೆ. ಕೆಲಸ ಮುಗಿದ ದಿನ ಮಾವ ಸುತ್ತ ಎರಡು ಸುತ್ತು ಬಂದು, "ಇದರಲ್ಲಿ ನಿನ್ನ ಕೈ ಕಾಣ್ತಿಲ್ಲ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ತಿಂಗಳ ನಂತರ ಹಲ್ಲಿನ ಡಾಕ್ಟರೊಬ್ಬರು ಕಾರು ಕೊಳ್ಳಲೆಂದು ನೋಡಲು ಬಂದಾಗ ಮಾವ ಎದೆಯ ಮೇಲೆ ಕೈಯಿಟ್ಟು, "ಒಂದು ತಗಡೂ ಬದಲಾಗಿಲ್ಲ ತಾಯಿ, ಹುಟ್ಟಿದ ಹಾಗೇ ಇದೆ" ಎಂದರು. ಅವನು ಅಲ್ಲೇ ಚಕ್ರ ಒರೆಸುತ್ತ ಕೂತಿದ್ದ. ಆ ಮಾತು ಕಿವಿಗೆ ಬಿದ್ದಾಗ ಮೊದಲು ಆದದ್ದು ಸಂತೋಷ. ಅದು ಅವನಿಗೆ ಇವತ್ತಿಗೂ ನೆನಪಿದೆ.

ಆಮೇಲೆ ವರ್ಷಕ್ಕೆರಡು ಸಲ ಡಾಕ್ಟರು ಕಾರು ತಂದು ಬಿಡುತ್ತಿದ್ದರು. ಯಾರಾದರೂ ಸ್ನೇಹಿತರು ಜೊತೆಯಲ್ಲಿದ್ದರೆ ಎಡ ಪಕ್ಕೆಯನ್ನೇ ತಟ್ಟಿ, "ನೋಡಿ, ಈಗಿನವರ ಕೈಲಿ ಆಗುತ್ತಾ ಇದು? ಆ ಕಾಲದ ಜನಾನೇ ಬೇರೆ. ಅಲ್ವಾ ಮೇಸ್ತ್ರಿ?" ಎನ್ನುತ್ತಿದ್ದರು. ಅವನು, "ಹೌದು ಡಾಕ್ಟ್ರೇ" ಎನ್ನುತ್ತಿದ್ದ. ಹಾಗೆಂದಾಗ ಒಳಗೊಂದು ಹಿಗ್ಗು, ಅದರ ಬೆನ್ನಿಗೇ ಒಂದು ಕುಟುಕು. ಒಮ್ಮೆ ಹಳೆ ಕಾರುಗಳ ಮೇಳದಲ್ಲಿ ಫೋಟೋ ತೆಗೆಯುವವನು ಕಾರಿನ ಎಡಗಡೆ ಬಂದು ಕೂತ. ಸಂಜೆಯ ಬೆಳಕು ಆ ಪಕ್ಕೆಯ ಉಬ್ಬಿನ ಮೇಲೆ ಜಾರುತ್ತಿತ್ತು. ಅವನು ಪಕ್ಕದಲ್ಲೇ ಕಾರು ಒರೆಸುವ ಬಟ್ಟೆ ಹಿಡಿದು ನಿಂತಿದ್ದ. "ಮೇಸ್ತ್ರಿ, ಸ್ವಲ್ಪ ಆಚೆ ಬನ್ನಿ, ನಿಮ್ಮ ನೆರಳು ಬೀಳ್ತಿದೆ" ಎಂದ ಫೋಟೋದವನು. ಅವನು ಆಚೆ ಸರಿದ. ಇನ್ನೂ ಆಚೆ ಎಂದ. ಇನ್ನೂ ಸರಿದ. ಕೊನೆಗೆ ಬಂದು ನಿಂತದ್ದು ಕಸದ ಡಬ್ಬಿಯ ಪಕ್ಕದಲ್ಲಿ. ಆ ಫೋಟೋ ಈಗಲೂ ಡಾಕ್ಟರ ಮನೆಯ ಗೋಡೆಯ ಮೇಲಿದೆ, ಅವನ ನೆರಳಿಲ್ಲದೆ.

ಮಾವ ಹೋದ ಮೇಲೆ ಶೆಡ್ಡಿನಿಂದ ಹೊರಗೆ ಹೋದ ಯಾವ ಕೆಲಸವನ್ನೂ ಅವನು ಮುಚ್ಚಿಟ್ಟಿಲ್ಲ. ಹೊಸದಾಗಿ ಮಾಡಿದ ತಗಡಿಗೆ ಒಳಮೈಯಲ್ಲಿ ಸಣ್ಣ ಗುರುತು ಹೊಡೆಯುತ್ತಾನೆ, ಗಿರಾಕಿಯನ್ನು ಬಗ್ಗಿಸಿ ತೋರಿಸುತ್ತಾನೆ. ಈಗ ಎಲ್ಲದರ ನಕಲೂ ಅಂಚೆಯಲ್ಲಿ ಬರುತ್ತದೆ. ಕಂಪನಿಯ ಬಿಲ್ಲೆ, ಚಕ್ರ, ಸ್ಟೀರಿಂಗು, ಹಳೆಯದಾದಂತೆ ಮೊದಲೇ ಮಾಸಿಸಿದ ನಂಬರಿನ ಫಲಕ. ಇದನ್ನು ಅಸಲಿನ ಹಾಗೆ ಕೂರಿಸಿ ಕೊಡಿ ಎನ್ನುವವರಿಗೆ, "ಕೂರಿಸ್ತೀನಿ, ಅಸಲು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ" ಎನ್ನುತ್ತಾನೆ. ಕೆಲವರು ಬೇರೆ ಶೆಡ್ಡಿಗೆ ಹೋಗುತ್ತಾರೆ, ಹೋಗಲಿ. ಉಳಿದದ್ದು ಇದೊಂದೇ. ಇದೊಂದು ಮಾವನ ಮಾತು ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ. ಸತ್ತವರ ಮಾತನ್ನು ತಿದ್ದುವುದಕ್ಕೆ ತಾನ್ಯಾರು ಎಂದು. ಕೈ ಒರೆಸಿಕೊಳ್ಳುತ್ತ ಈಗ ಅನ್ನಿಸಿತು: ಎದೆಯ ಮೇಲೆ ಕೈಯಿಟ್ಟು ಹೇಳಿದವರು ಮಾವ ಒಂದು ಸಲ. ಹೌದು ಡಾಕ್ಟ್ರೇ ಎಂದವನು ತಾನು, ವರ್ಷಕ್ಕೆರಡು ಸಲ.

ಡಾಕ್ಟರು ಕೋಲೂರಿಕೊಂಡು ಬಂದರು, ಹಿಂದೆಯೇ ಪರೀಕ್ಷಕರು. ಗಿಡ್ಡ ಮನುಷ್ಯ, ಕನ್ನಡಕಕ್ಕೆ ದಾರ, ಕಂಕುಳಲ್ಲಿ ಸುತ್ತಿದ ಚಾಪೆ. ಚಹಾ ಕೇಳಿದರೆ ಕೆಲಸ ಮುಗಿಯುವ ತನಕ ಬೇಡ ಎಂದರು. ಚಾಪೆ ಹಾಸಿ ಕಾರಿನಡಿ ನುಗ್ಗಿ ಅರ್ಧ ಗಂಟೆ ಕಾಣಿಸಲಿಲ್ಲ. ಬೂಟುಗಳು ಮಾತ್ರ ಅತ್ತಿತ್ತ ಹೊರಳುತ್ತಿದ್ದವು. ಡಾಕ್ಟರಿಗೆ ಹೆಂಡತಿ ಕುರ್ಚಿ ಹಾಕಿದಳು. ಅವರು ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಮಾಡಿ ಇಟ್ಟುಕೊಂಡರು, ಅದು ತಮ್ಮದಲ್ಲವೆಂಬಂತೆ.

"ಕ್ಲಚ್ ತುಳಿಯೋಕೆ ಆಗಲ್ಲಮ್ಮ ಇನ್ನು. ಹೋದ ತಿಂಗಳು ಸಿಗ್ನಲ್ಲಿನಲ್ಲಿ ನಿಂತೇಬಿಟ್ಟೆ, ಹಿಂದಿನವರೆಲ್ಲ ಹಾರ್ನ್ ಹೊಡೆದದ್ದೇ ಹೊಡೆದದ್ದು. ಮ್ಯೂಸಿಯಂನಲ್ಲಿ ಇದ್ರೆ ಬೆಚ್ಚಗೆ ಇರುತ್ತೆ. ನಾನೂ ಟಿಕೆಟ್ ತಗೊಂಡು ಹೋಗಿ ನೋಡ್ಕೊಂಡು ಬರ್ತೀನಿ."

"ನಿಮಗೂ ಟಿಕೆಟ್ಟಾ?" ಎಂದಳು ಹೆಂಡತಿ.

"ಕೇಳಿದ್ರೆ ಜಗಳ ಆಡ್ತೀನಿ."

ಪರೀಕ್ಷಕರು ಹೊರಗೆ ಬಂದು ಜೇಬಿನಿಂದ ಉದ್ದ ಕಡ್ಡಿಯ ತುದಿಗೆ ಸಣ್ಣ ಗುಂಡು ಕನ್ನಡಿ ಇದ್ದದ್ದನ್ನು ತೆಗೆದರು. "ನೋಡಿ, ನನ್ನ ಕಸುಬಿನ ಕನ್ನಡಿ ಇವರ ಜೇಬಲ್ಲಿ" ಎಂದು ಡಾಕ್ಟರು ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಪರೀಕ್ಷಕರು ಬಾಗಿಲು, ಮೂತಿ, ಚಾವಣಿ ಮುಗಿಸಿ ಬಲ ಪಕ್ಕೆಗೆ ಬಂದರು. ಆಯಸ್ಕಾಂತ ಇಟ್ಟರು, ತಗಡಿನ ದಪ್ಪ ಅಳೆದರು, ಚುಕ್ಕಿಗಳನ್ನು ಎಣಿಸಿದರು. ಎಡ ಪಕ್ಕೆಗೆ ಬಂದರು. ಅವನಿಗೆ ಆಗ ಆದದ್ದು ವಿಚಿತ್ರ. ಮಗಳನ್ನು ನೋಡಲು ಬಂದವರ ಮುಂದೆ ಕೂತ ಅಪ್ಪನ ಹಾಗೆ, ನೋಡಲಿ, ಚೆನ್ನಾಗಿ ನೋಡಲಿ ಎನ್ನಿಸಿತು. ಪರೀಕ್ಷಕರ ಬೆರಳು ಉಬ್ಬಿನ ಮೇಲೆ ಜಾರಿ ತಗ್ಗಿಗೆ ಇಳಿದಾಗ ಆ ತಗ್ಗು ಮೂರು ವಾರ ತೆಗೆದುಕೊಂಡದ್ದು, ಎರಡು ತಗಡು ಸೀಳಿಹೋದದ್ದು, ಮೂರನೆಯದು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಾತು ಕೇಳಿದ್ದು ನೆನಪಾಯಿತು. ಜೋಡಿ ಚುಕ್ಕಿಯ ಮೇಲೆ ಬೆರಳು ನಿಂತಿತು. "ಹ್ಞಾಂ, ಕೈತಪ್ಪಿದೆ" ಎಂದು ಪರೀಕ್ಷಕರು ತಮ್ಮಷ್ಟಕ್ಕೆ ಗೊಣಗಿಕೊಂಡರು, ಮೆಚ್ಚಿಕೊಂಡು. ನಂತರ ಗಾಜಿನ ತೂತಿನ ಅಂಚಿಗೆ ಬ್ಯಾಟರಿ ಬಿಟ್ಟರು. ಅಲ್ಲಿ ನಿಂತರು. ಬಲಗಡೆಗೆ ಹೋದರು. ಮತ್ತೆ ಎಡಗಡೆಗೆ ಬಂದರು. ಆರು ಸಲ ಹೀಗೆ ಓಡಾಡಿದರು.

"ಏನ್ರೀ, ಹುಳುಕು ಸಿಕ್ತಾ?" ಎಂದರು ಡಾಕ್ಟರು.

"ಡಾಕ್ಟ್ರೇ, ಇಂಥದ್ದು ನಾನು ನೋಡೇ ಇಲ್ಲ." ಪರೀಕ್ಷಕರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ಇಲ್ಲಿ ಅರದ ಗೆರೆಗಳಿವೆ. ಬಲಗೈಯವನು ಗೋಡೆಗೆ ಎದುರು ನಿಂತು ಅರ ಎಳೆದ್ರೆ ಗೆರೆ ಯಾವಾಗಲೂ ಅವನ ಬಲಕ್ಕೇ ವಾಲುತ್ತೆ. ಕಾರಿನ ಬಲಗಡೆ ನಿಂತ್ರೆ ಮೂತಿ ಅವನ ಬಲಕ್ಕಿರುತ್ತೆ, ಹಾಗಾಗಿ ಗೆರೆ ಮೂತಿ ಕಡೆಗೆ ವಾಲುತ್ತೆ. ಅವನೇ ಎಡಗಡೆಗೆ ಬಂದು ನಿಂತ್ರೆ ಬಾಲ ಅವನ ಬಲಕ್ಕೆ ಬರುತ್ತೆ. ಗೆರೆ ಬಾಲದ ಕಡೆಗೆ ವಾಲಬೇಕು. ನಾನು ನೋಡಿದ ಕಾರುಗಳೆಲ್ಲ ಹಾಗೇ ಇವೆ. ಇಲ್ಲಿ ಮಾತ್ರ ಎರಡೂ ಕಡೆ ಮೂತಿಗೇ ವಾಲಿವೆ."

"ಅಂದ್ರೆ?"

"ಅಂದ್ರೆ ಈ ಎಡಗಡೆ ಕೆಲಸ ಮಾಡಿದವನು ಎಡಚ! ಕಾರ್ಖಾನೆಯಲ್ಲಿ ಆ ಕಡೆ ಸಾಲಿನಲ್ಲಿ ಒಬ್ಬ ಎಡಚ ನಿಂತಿದ್ದಾನೆ ಡಾಕ್ಟ್ರೇ, ಅರ್ಧ ಶತಮಾನದ ಹಿಂದೆ. ಎಂಥಾ ಕೈ ಅಂತೀನಿ! ಬಲಗಡೆಯವನಿಗಿಂತ ಇವನೇ ಅಚ್ಚುಕಟ್ಟು. ಇದನ್ನ ಬರೀಲೇಬೇಕು."

ಶೆಡ್ಡಿನಲ್ಲಿ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು, ತಾನೇ ಸರಿಯಾಗಿ ತಿರುಗಿಸಿರಲಿಲ್ಲ. ಅವನು ನಿಂತಲ್ಲೇ ಇಪ್ಪತ್ತಮೂರು ವರ್ಷದವನಾದ. ಕಾಗದ ಮಗುಚಿದ್ದ, ಅಚ್ಚು ಮಗುಚಿದ್ದ, ಚುಕ್ಕಿಗಳನ್ನು ಮಗುಚಿದ್ದ, ಆ ಭರದಲ್ಲಿ ಕಾರ್ಖಾನೆಯವನ ಕೈಯನ್ನೂ ಮಗುಚಿಬಿಟ್ಟಿದ್ದ. ತಗಡು ಮಗುಚುತ್ತದೆ, ಮನುಷ್ಯನ ಕೈ ಮಗುಚುವುದಿಲ್ಲ. ಇಷ್ಟು ಸಣ್ಣ ವಿಷಯ ಅವನಿಗೆ ಹೊಳೆದಿರಲಿಲ್ಲ, ಯಾಕೆಂದರೆ ಅವನ ಕೈಗೆ ಅದೇ ಸಹಜವಾಗಿತ್ತು. ಆದರೆ ಒಬ್ಬರಿಗೆ ಹೊಳೆದಿತ್ತು. ಈಗ, ಈ ಗಿಡ್ಡ ಮನುಷ್ಯನ ಬ್ಯಾಟರಿಯ ಬೆಳಕಿನಲ್ಲಿ, ಅದು ಅವನಿಗೆ ನಿಚ್ಚಳವಾಗಿ ಕಂಡಿತು. ಕೆಲಸ ಮುಗಿದು ವಾರವಾಗಿತ್ತು. ಅಲ್ಲಿಯವರೆಗೆ ಐದು ವರ್ಷ ಅವನು ಎಡಗೈಯಲ್ಲೇ ಸುತ್ತಿಗೆ ಎತ್ತಿದ್ದ, ಮಾವ ಒಂದು ದಿನವೂ ಏನೂ ಅಂದಿರಲಿಲ್ಲ, ಎಡಚ ಎಂದು ಪ್ರೀತಿಯಿಂದ ಕರೆದದ್ದು ಬಿಟ್ಟರೆ. ಅಂದು ಒಬ್ಬ ಗಿರಾಕಿಯ ಎದುರಿಗೇ ಅವನ ಕೈಯಿಂದ ಅರ ಕಿತ್ತುಕೊಂಡು, "ಗಿರಾಕಿ ಮುಂದೆ ಈ ಕೈ ಎತ್ತಬೇಡ. ಇನ್ಮೇಲೆ ಬಲಗೈ. ಕಲೀಲಿಲ್ಲ ಅಂದ್ರೆ ಬಾಗಿಲು ಅಲ್ಲಿದೆ" ಎಂದಿದ್ದರು. ಗಿರಾಕಿ ನಕ್ಕಿದ್ದ. ಅವನು ಕಿವಿ ಬಿಸಿಯಾಗಿ, ಬಲಗೈಯಲ್ಲಿ ಅರ ಹಿಡಿದು, ಮಗುವಿನಂತೆ ತಡವರಿಸಿದ್ದ. ಆ ಅವಮಾನ ಇಪ್ಪತ್ತಾರು ವರ್ಷ ಅವನ ಜೊತೆ ಊಟ ಮಾಡಿತ್ತು, ನಿದ್ದೆ ಮಾಡಿತ್ತು. ಜನರ ಮುಂದೆ ಬಲಗೈಯವನ ನಕಲಾಗಿ, ಜನ ಹೋದ ಮೇಲೆ ತಾನಾಗಿ ಬದುಕಿದ್ದ. ಅದು ಅವಮಾನ ಮಾಡಲು ಆಡಿದ ಮಾತೇ ಆಗಿರಲಿಲ್ಲ. ಮಾವ ಗೆರೆಗಳನ್ನು ನೋಡಿದ್ದರು. ಗೆರೆಗೂ ಈ ಕೈಗೂ ಯಾರೂ ಗಂಟು ಹಾಕಬಾರದೆಂದು ಕೈಯನ್ನು ಮುಚ್ಚಿಟ್ಟಿದ್ದರು. ಅವನು ಫೋಟೋದ ಕಡೆ ನೋಡಿದ. ಹುಬ್ಬಿನ ಗಂಟು ಹಾಗೇ ಇತ್ತು. ಆದರೆ ಗೆರೆ ಕಂಡವರು ಅದನ್ನು ಅಳಿಸಬಹುದಿತ್ತಲ್ಲ? ಅರ ಹಿಡಿದು ಇನ್ನೊಂದು ಕಡೆಗೆ ಎಳೆದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಯಾಕೆ ಅಳಿಸಲಿಲ್ಲ?

ಪರೀಕ್ಷಕರು ಬಾನೆಟ್ಟಿನ ಮೇಲೆ ಕಾಗದ ಹರಡಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಡಾಕ್ಟರು ಕೋಲಿಗೆ ಗಲ್ಲ ಊರಿ ಎಡ ಪಕ್ಕೆಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದು, ತಮ್ಮವರೊಬ್ಬರು ಎಲ್ಲೋ ದೂರದಲ್ಲಿ ಗೆದ್ದ ಸುದ್ದಿ ಕೇಳಿದವರ ನಗು. ಪಾಪ ಎಡಚ, ಎಂದುಕೊಂಡರೇನೋ, ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಸುಮ್ಮನಿದ್ದರೆ ಸಾಕಿತ್ತು. ಕಾರು ಮ್ಯೂಸಿಯಂಗೆ ಹೋಗುತ್ತದೆ, ಮಾವನ ಮಾತು ಉಳಿಯುತ್ತದೆ, ಹೆಂಡತಿಯ ಅಪ್ಪನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. ಜಪಾನಿನಲ್ಲಿ ಎಂದೂ ಹುಟ್ಟದ ಒಬ್ಬ ಎಡಚ ಕಾಗದದ ಮೇಲೆ ಹುಟ್ಟುತ್ತಾನೆ. ಮತ್ತೆ ತಾನು ಕಸದ ಡಬ್ಬಿಯ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಮೋಸ ಮಾಡಬಾರದು ಎನ್ನುವುದು ಒಂದು ಕಡೆ ಇತ್ತು ನಿಜ. ಆದರೆ ಬಾಯಿ ತೆರೆಸಿದ್ದು ಅದೊಂದೇ ಎಂದು ಆಮೇಲೆ ಅವನು ಯಾವತ್ತೂ ಹೇಳಿಕೊಳ್ಳಲಿಲ್ಲ.

"ಆ ಎಡಚ ಜಪಾನಿನವನಲ್ಲ ಸಾರ್" ಎಂದ. "ನಾನು."

ಪರೀಕ್ಷಕರು ತಲೆ ಎತ್ತಲಿಲ್ಲ. "ಏನು ನೀವು?"

"ಆ ಪಕ್ಕೆ ನಾನು ಮಾಡಿದ್ದು. ಬಾಗಿಲಿಂದ ದೀಪದ ತನಕ ಪೂರ್ತಿ. ಕಾರು ಡಾಕ್ಟ್ರ ಕೈಗೆ ಬರೋದಕ್ಕೆ ಮುಂಚೆ."

"ಮೇಸ್ತ್ರಿ, ತಮಾಷೆಗೆ ಬೇರೆ ಹೊತ್ತು ಸಿಗಲಿಲ್ವಾ?" ಪರೀಕ್ಷಕರು ನಕ್ಕರು. "ನಕಲು ತೋರ್ಸಿ ಅಸಲು ಅನ್ನೋರು ನನಗೆ ದಿನಾ ಸಿಗ್ತಾರೆ. ಅಸಲು ತೋರ್ಸಿ ನಕಲು ಅಂದೋರು ನೀವೇ ಮೊದಲು. ಈ ತಗಡಿಗೆ ಐವತ್ತು ವರ್ಷ ಆಗಿದೆ, ಅಳತೆ ಹೇಳ್ತಿದೆ."

"ತಗಡಿಗೆ ಆಗಿದೆ. ಅದು ಬೇರೆ ಕಾರಿನ ಚಾವಣಿ. ಆಕಾರಕ್ಕೆ ಇಪ್ಪತ್ತಾರು."

ಪರೀಕ್ಷಕರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಮಾಡಲು ಕೆಲಸವಿಲ್ಲದೆ ಹೋಯಿತು. ಅವನು ಮೂಲೆಗೆ ಹೋಗಿ ಹಳೆಯ ಚಾವಣಿಯ ತುಂಡೊಂದನ್ನು ತಂದ, ಸಂದಿಗೆ ಸೀಸ ತುಂಬಿದ್ದು, ಕೈ ಪಳಗಿಸಿಕೊಳ್ಳಲು ಇಟ್ಟುಕೊಂಡದ್ದು. ಅದನ್ನು ಬೆಂಚಿಗೆ ಕೂರಿಸಿದ್ದ ಇಕ್ಕುಳದ ಬಾಯಿಗೆ ನಿಲ್ಲಿಸಿ ಬಿಗಿ ಮಾಡಿ, ಗೋಡೆಯಿಂದ ಅರ ತೆಗೆದ. ತೆಗೆದು, ಸೀಸದ ಮೇಲಿಟ್ಟು, ಎಳೆಯಬೇಕು.

"ಆ ಕೈ ಅಲ್ಲ ರೀ" ಎಂದಳು ಹೆಂಡತಿ ಬಾಗಿಲಿನಿಂದ.

ನೋಡಿಕೊಂಡ. ಅರ ಬಲಗೈಯಲ್ಲಿತ್ತು. ಜನರ ಮುಂದೆ ತಾನಾಗಿಯೇ ಆ ಕೈಗೇ ಹೋಗಿತ್ತು. ಅವಳು ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು, ಅವನನ್ನು ನೋಡದೆ. ಎಲ್ಲ ಗೊತ್ತಿತ್ತು ಹಾಗಾದರೆ. ಒಂದೇ ದಿಂಬಿನ ಮೇಲೆ. ಅವನು ಅರವನ್ನು ಎಡಗೈಗೆ ದಾಟಿಸಿದ. ಹಿಡಿ ಅಂಗೈಯ ಜಡ್ಡಿಗೆ ಹೋಗಿ ಕೂತಿತು, ಮನೆಗೆ ಬಂದವರು ತಮ್ಮ ಕುರ್ಚಿಯಲ್ಲಿ ಕೂರುವ ಹಾಗೆ. ಎಳೆದ. ಸೀಸ ಬೂದು ಬಣ್ಣದ ಸುರುಳಿಯಾಗಿ ಬಿತ್ತು. ಇನ್ನೊಮ್ಮೆ ಎಳೆದ, ಮತ್ತೊಮ್ಮೆ. ಇಪ್ಪತ್ತು ಎಳೆತಕ್ಕೆ ನಿಲ್ಲಿಸಿ ಪಕ್ಕಕ್ಕೆ ಸರಿದ, ಈ ಸಲ ತಾನಾಗಿ.

ಪರೀಕ್ಷಕರು ಬ್ಯಾಟರಿ ಹಿಡಿದು ತುಂಡನ್ನು ನೋಡಿದರು, ಕಾರನ್ನು ನೋಡಿದರು. ಗೆರೆಯ ವಾಲು, ಗೆರೆ ಗೆರೆಯ ನಡುವಿನ ಅಂತರ, ಎಳೆತದ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎದ್ದು ಬಿಡುವ ಕೊಕ್ಕೆ. ಕೊನೆಗೆ ಬ್ಯಾಟರಿ ಆರಿಸಿದರು. "ಥೂ" ಎಂದರು, ಬೈಗುಳದಂತೆ ಅಲ್ಲ. "ಆ ಜಪಾನಿನವನ ಮೇಲೆ ಒಂದು ಲೇಖನ ಬರೆಯೋಣ ಅಂತ ಆಗಲೇ ಮನಸ್ಸಲ್ಲಿ ಶುರು ಮಾಡಿದ್ದೆ." ಕಾಗದದಲ್ಲಿ ಎಡ ಹಿಂಬದಿ ಎಂದಿದ್ದ ಜಾಗದಲ್ಲಿ ನಕಲು ಎಂದು ಬರೆದು, ಸಹಿ ಹಾಕಿ, ಚಾಪೆ ಸುತ್ತಿದರು. "ಮ್ಯೂಸಿಯಂನವರು ಒಪ್ಪಲ್ಲ ಡಾಕ್ಟ್ರೇ. ನಾನು ಏನೂ ಮಾಡೋಕಾಗಲ್ಲ." ಬಾಗಿಲ ತನಕ ಹೋಗಿ ಹಿಂತಿರುಗಿ, "ಚಹಾ ಇದೆಯಾ?" ಎಂದು ಕೇಳಿದರು. ಹೆಂಡತಿ ತಂದುಕೊಟ್ಟದ್ದನ್ನು ನಿಂತೇ ಕುಡಿದು, ಅವನ ಎಡಗೈಯನ್ನು ಹಿಡಿದು ಕುಲುಕಿ ಹೋದರು.

ಡಾಕ್ಟರು ಕೂತೇ ಇದ್ದರು. ಎದ್ದು ಬಂದು ಬೈದಿದ್ದರೆ ಸಲೀಸಾಗಿತ್ತು.

"ವರ್ಷಕ್ಕೆ ಎರಡು ಸಲ ನಾನು ಆ ತಗಡು ತಟ್ಟಿ ನಿಮ್ಮ ಮುಂದೇನೇ ಹೊಗಳಿದ್ದೀನಿ" ಎಂದರು. "ನೀವು ಹೌದು ಡಾಕ್ಟ್ರೇ ಅಂದಿದ್ದೀರಿ."

"ಅಂದಿದ್ದೀನಿ."

"ಒಳಗೊಳಗೇ ನಗ್ತಿದ್ರಾ?"

"ಇಲ್ಲ ಡಾಕ್ಟ್ರೇ. ಹಿಗ್ತಿದ್ದೆ. ಆಮೇಲೆ ನಾಚಿಕೆ ಆಗ್ತಿತ್ತು."

"ಮೂವತ್ತೈದು ವರ್ಷ ಕಟ್ಟು ಹಲ್ಲು ಕೂರಿಸಿದೋಳು ನಾನು. ನಕಲು ಅಂದ್ರೆ ನನಗೆ ಅಸಹ್ಯ ಇಲ್ಲ, ಅದರಲ್ಲೇ ಅನ್ನ ತಿಂದಿದ್ದೀನಿ. ಆದ್ರೆ ನನ್ನ ಕುರ್ಚೀಲಿ ಕೂತ ಒಬ್ಬರಿಗಾದ್ರೂ ಇದು ನಿಮ್ಮ ಸ್ವಂತ ಹಲ್ಲು ಅಂತ ಹೇಳಲಿಲ್ಲ ಮೇಸ್ತ್ರಿ."

ಮಾವ ಹೇಳಿದ್ದು ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು, ನುಂಗಿದ. "ತಪ್ಪಾಯ್ತು" ಎಂದ.

"ಆಗಿದೆ ಅಂತ ನನಗೂ ಕಾಣ್ತಿದೆ."

"ಅಪ್ಪ ಅದನ್ನ ಅಳಿಸೋಕೆ ಹೋಗಿದ್ರು" ಎಂದಳು ಹೆಂಡತಿ. ಇಬ್ಬರೂ ಅವಳ ಕಡೆ ತಿರುಗಿದರು. "ಆ ಗೆರೇನ. ನಾನು ಆ ಕಾರಿನ ಒಳಗೆ ಕೂತು ಸೀಟಿಗೆ ಅಳತೆ ತಗೋತಿದ್ದೆ. ಅಪ್ಪ ಅರ ಹಿಡ್ಕೊಂಡು ಬಂದ್ರು. ಈ ಹುಡುಗ ಎಲ್ಲಾ ಸರಿ ಮಾಡಿ ಇಲ್ಲಿ ಸಿಕ್ಕಿಬೀಳ್ತಾನೆ ನೋಡು ಅಂದ್ರು. ಅರ ಇಟ್ರು, ತೆಗೆದ್ರು. ಮತ್ತೆ ಇಟ್ರು. ಆಮೇಲೆ, ಹೋಗ್ಲಿ, ಇಷ್ಟಾದ್ರೂ ಅವನದು ಇರ್ಲಿ ಅಂತ ಅರ ಕೆಳಗಿಟ್ಟು ಹೋಗಿಬಿಟ್ರು. ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ರು." ಫೋಟೋದ ಕಡೆ ನೋಡಿ, "ಸಾಕು ಬಿಡಿ ಅಪ್ಪ" ಎಂದಳು, ಊಟಕ್ಕೆ ಏಳಿ ಎನ್ನುವಷ್ಟು ಸಾದಾ ದನಿಯಲ್ಲಿ.

ಅವನಿಗೆ ಏನು ಮಾಡಬೇಕೋ ತಿಳಿಯದೆ ಅರಕ್ಕೆ ಹತ್ತಿದ ಸೀಸವನ್ನು ತಂತಿಯ ಬ್ರಶ್ಶಿನಿಂದ ಉಜ್ಜತೊಡಗಿದ. ಎಡಗೈಯಲ್ಲೇ ಉಜ್ಜುತ್ತಿದ್ದ. ಯಾರೂ ಬೇಡವೆನ್ನಲಿಲ್ಲ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಬಿಸಿಲು ಶೆಡ್ಡಿನೊಳಕ್ಕೆ ಒಂದು ಮಾರು ಬಂದು ಕಾರಿನ ಹಿಂಚಕ್ರವನ್ನು ಮುಟ್ಟಿತ್ತು. ಡಾಕ್ಟರು ಎದ್ದು ಎಡ ಪಕ್ಕೆಯ ಹತ್ತಿರ ಹೋದರು. ತಟ್ಟಲಿಲ್ಲ. ಗಾಜಿನ ತೂತಿನ ಅಂಚಿಗೆ ಬಗ್ಗಿ, ರೋಗಿಯ ಬಾಯಿ ನೋಡುವವರ ಹಾಗೆ ಕತ್ತು ಓರೆ ಮಾಡಿ, ಬೆರಳ ತುದಿಯಿಂದ ಗೆರೆಗಳನ್ನು ಸವರಿದರು. ತುಂಬಾ ಹೊತ್ತು.

"ಮ್ಯೂಸಿಯಂಗೆ ನಾಳೆ ನಾನೇ ಫೋನ್ ಮಾಡ್ತೀನಿ" ಎಂದರು. "ಇಟ್ಕೊಳ್ಳಲಿ ಅವರ ಅಸಲನ್ನ ಅವರೇ. ಗಾಜು ಯಾವಾಗ ಹಾಕ್ತೀರಿ?"

"ಸಂಜೆ ಒಳಗೆ."

"ಹಾಗಾದ್ರೆ ಕೇಳಿ. ನನ್ನ ಮೊಣಕಾಲು ಸತ್ತಿದೆ, ನಿಮ್ಮದು ಬದುಕಿದೆ. ಇನ್ಮೇಲೆ ಪ್ರತಿ ಭಾನುವಾರ ಬೆಳಗ್ಗೆ ನೀವು ಓಡಿಸ್ತೀರಿ, ನಾನು ಪಕ್ಕದಲ್ಲಿ ಕೂರ್ತೀನಿ. ಇದು ಶಿಕ್ಷೆ. ಕೆಲಸ ಇದೆ, ನೆಂಟರು ಬಂದಿದ್ದಾರೆ ಅನ್ನೋದೆಲ್ಲ ನಡೆಯಲ್ಲ."

"ಇವರು ನಿಧಾನ ಡಾಕ್ಟ್ರೇ" ಎಂದಳು ಹೆಂಡತಿ. "ಎಮ್ಮೆ ಕೂಡ ಹಾರ್ನ್ ಹೊಡೆದು ಮುಂದೆ ಹೋಗುತ್ತೆ."

"ಅದಕ್ಕೇ ಶಿಕ್ಷೆ ಅಂದದ್ದು, ಇಬ್ಬರಿಗೂ." ಡಾಕ್ಟರು ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಖಾನೆಯಿಂದ ಬೈಂಡು ಸಡಿಲಾದ ಪುಸ್ತಕವೊಂದನ್ನು ಎಳೆದರು. ಅವನಿಗೆ ಗೊತ್ತಿದ್ದ ಪುಸ್ತಕ. ಕಾರಿಗೆ ಮಾಡಿದ ಪ್ರತಿಯೊಂದು ಕೆಲಸವನ್ನೂ ಅವರು ಅದರಲ್ಲಿ ಬರೆದಿಡುತ್ತಿದ್ದರು, ಹಲ್ಲಿನ ರೋಗಿಯ ಚೀಟಿ ಬರೆಯುವ ಹಾಗೆ. ಮೊದಲ ಪುಟದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ಒಂದು ತಗಡೂ ಬದಲಾಗಿಲ್ಲ, ಎಂದಿತ್ತು. ಅದರ ಮೇಲೆ ಒಂದೇ ಗೆರೆ ಎಳೆದರು. ಪೆನ್ನನ್ನು ಅವನ ಕಡೆ ಚಾಚಿದರು.

"ಬರೀರಿ. ಯಾವ ಪಕ್ಕೆ, ಯಾವ ವರ್ಷ, ಯಾರು ಮಾಡಿದ್ದು. ಹೆಸರು ಪೂರ್ತಿ ಬರೀಬೇಕು, ಮೇಸ್ತ್ರಿ ಅಂತ ಬರೆದು ತಪ್ಪಿಸ್ಕೋಬೇಡಿ."

ಪೆನ್ನು ಎಡಗೈಗೇ ಹೋಯಿತು. ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ಬಗ್ಗಿದ. ಪರೀಕ್ಷಕರ ಕಾಗದ ಇದ್ದ ಜಾಗವೇ ಅದು, ಲೋಹ ಇನ್ನೂ ತಣ್ಣಗಿತ್ತು. ಎಡ ಪಕ್ಕೆ ಎಂದು ಬರೆದ, ವರ್ಷ ಬರೆದ, ತನ್ನ ಹೆಸರು ಬರೆದ. ಇಡೀ ಹೆಸರು ಕಡೆಯ ಸಲ ಯಾವಾಗ ಬರೆದದ್ದೋ, ಮಧ್ಯದ ಒಂದು ಅಕ್ಷರಕ್ಕೆ ತಡೆದು ಯೋಚಿಸಬೇಕಾಯಿತು. ಬರೆಯುತ್ತ ಹೋದಂತೆ ಅಂಗೈಯ ಅಂಚು ಹಸಿ ಶಾಯಿಯ ಮೇಲೆ ಹಿಂದೆಯೇ ಬಂದು, ಪೂರ್ತಿ ಸಾಲು ಬಲಕ್ಕೆ ಜಾರಿದ ನೀಲಿ ಎಳೆಗಳಾಗಿ ಹರಡಿಕೊಂಡಿತು. ಕೈ ಎತ್ತಿ ನೋಡಿ, "ಛೆ, ಕೊಳೆ ಆಯ್ತು. ಇನ್ನೊಂದು ಪುಟದಲ್ಲಿ ಅಚ್ಚುಕಟ್ಟಾಗಿ ಬರೆದುಕೊಡ್ಲಾ ಡಾಕ್ಟ್ರೇ?" ಎಂದ.

ಡಾಕ್ಟರು ಪುಸ್ತಕವನ್ನು ಅವನ ಕೈಯಿಂದ ಎಳೆದುಕೊಂಡು, ಶಾಯಿ ಆರಲೆಂದು ಅದರ ಮೇಲೆ ಉಫ್ ಎಂದು ಊದಿದರು.

"ಮುಟ್ಟಬೇಡಿ" ಎಂದರು. "ಅದೇ ಅಸಲು."